ಕಾರಿಗೆ ಕಾರು: ಬದಲಾಯಿಸಿಕೊಳ್ಳಬೇಕೆ, ಬೇಡವೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಕೇಳಿವೆ. ಕೈಯಲ್ಲಿರುವ ಸ್ಪೋರ್ಟ್ಸ್ ಕಾರನ್ನು ಕೊಟ್ಟು ಮತ್ತೊಂದನ್ನು ತಂದುಕೊಳ್ಳಬೇಕೆ ಎಂಬ ಪ್ರಶ್ನೆ ಹೊರಗಿನಿಂದ ನೋಡುವವರಿಗೆ ಹಗುರವಾಗಿ ಕಾಣಬಹುದು. ಆ ಕಾರಿನ ಜೊತೆ ವರ್ಷಗಟ್ಟಲೆ ಬಾಳಿದವರಿಗೆ ಅದು ಹಗುರವಲ್ಲ. ಆದ್ದರಿಂದ ಇಡೀ ಅಂಕಣವನ್ನು ಈ ಮೂರು ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ 2002ರ ಫೆರಾರಿ 360 ಮೊಡೆನಾ ಇದೆ. ಆರು ಗೇರುಗಳ ಮ್ಯಾನುಯಲ್ ಕಾರು. ಏಳು ವರ್ಷಗಳಿಂದ ನಾನೇ ಓಡಿಸುತ್ತಿದ್ದೇನೆ, ಸರ್ವಿಸ್‌ನ ಪ್ರತಿಯೊಂದು ರಸೀದಿಯೂ ನನ್ನಲ್ಲಿದೆ, ಟೈಮಿಂಗ್ ಬೆಲ್ಟ್‌ಗಳನ್ನು ಕಳೆದ ವರ್ಷವಷ್ಟೇ ಬದಲಾಯಿಸಿದ್ದೇನೆ. ಈಗ ಒಬ್ಬ ಡೀಲರ್ 2006ರ ಲ್ಯಾಂಬೊರ್ಗಿನಿ ಗಲ್ಲಾರ್ಡೊ ತೋರಿಸಿ, ಮೇಲೆ ಹಣವೇನೂ ಬೇಡ, ಕಾರಿಗೆ ಕಾರು ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ಇ-ಗೇರ್ ಇರುವ ಕಾರು. ಹತ್ತು ಸಿಲಿಂಡರ್, ನಾಲ್ಕೂ ಚಕ್ರಗಳಿಗೆ ಶಕ್ತಿ, ನನ್ನದಕ್ಕಿಂತ 120 ಅಶ್ವಶಕ್ತಿ ಹೆಚ್ಚು. ಇಪ್ಪತ್ತು ನಿಮಿಷ ಓಡಿಸಿ ನೋಡಿದೆ. ಅಂದಿನಿಂದ ಮನಸ್ಸು ಅಲ್ಲೇ ಇದೆ. ಒಪ್ಪಿಕೊಳ್ಳಲೆ?

ಉತ್ತರ: ನೀವು ವಿವರಿಸಿರುವ ಈ ವ್ಯವಹಾರಕ್ಕೆ ಒಪ್ಪಬೇಡಿ. ಗಲ್ಲಾರ್ಡೊ ಕಡಿಮೆಯ ಕಾರು ಎಂದು ನಾನು ಹೀಗೆ ಹೇಳುತ್ತಿಲ್ಲ. 1998ರಲ್ಲಿ ಆಡಿ ಕಂಪನಿಯ ಕೈಗೆ ಬಂದ ಮೇಲೆ ಲ್ಯಾಂಬೊರ್ಗಿನಿಯ ಗುಣಮಟ್ಟ ಎಷ್ಟು ಸುಧಾರಿಸಿತು ಎಂಬುದಕ್ಕೆ ಆ ಕಾರೇ ಸಾಕ್ಷಿ. 2003ರಿಂದ 2013ರವರೆಗೆ 14,022 ಗಲ್ಲಾರ್ಡೊಗಳು ತಯಾರಾದವು, ಅದಕ್ಕೂ ಮೊದಲು ಆ ಕಂಪನಿ ಯಾವ ಮಾದರಿಯನ್ನೂ ಅಷ್ಟು ಸಂಖ್ಯೆಯಲ್ಲಿ ತಯಾರಿಸಿರಲಿಲ್ಲ. ನನ್ನ ಆಕ್ಷೇಪ ಬೇರೆ. ನೀವು ಪತ್ರದಲ್ಲಿ ಹೋಲಿಸಿರುವುದು ಎರಡು ಮಾದರಿಗಳನ್ನು. ಆದರೆ ಕೈ ಬದಲಾಗುವುದು ಎರಡು ಕಾರುಗಳು. ಒಂದರ ಒಳಹೊರಗೆಲ್ಲ ನಿಮಗೆ ಗೊತ್ತು. ಇನ್ನೊಂದರ ಬಗ್ಗೆ ನಿಮಗೆ ಗೊತ್ತಿರುವುದು ಇಪ್ಪತ್ತು ನಿಮಿಷದಷ್ಟು ಮಾತ್ರ.

ನಿಮ್ಮ ಕಾರಿನಿಂದಲೇ ಶುರು ಮಾಡೋಣ. 360ರ ಎಂಜಿನ್‌ನಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವುದು ಬೆಲ್ಟ್. ಅದು ತುಂಡಾದರೆ ಪಿಸ್ಟನ್‌ಗಳು ಕವಾಟಗಳಿಗೆ ಬಡಿದು ಎಂಜಿನ್ ಹಾಳಾಗುತ್ತದೆ, ಹಾಗಾಗಿ ಕಾರು ಓಡಲಿ ಬಿಡಲಿ, ಮೂರು ವರ್ಷಕ್ಕೊಮ್ಮೆ ಬೆಲ್ಟ್ ಬದಲಾಯಿಸುವುದು ಇದರ ಮಾಲೀಕರಲ್ಲಿ ರೂಢಿ. ಇದಕ್ಕೂ ಹಿಂದಿನ ಮಾದರಿ 355ರಲ್ಲಿ ಈ ಕೆಲಸಕ್ಕೆ ಇಡೀ ಎಂಜಿನ್ ಇಳಿಸಬೇಕಿತ್ತು. 360ರಲ್ಲಿ ಸೀಟುಗಳ ಹಿಂದಿನ ಮುಚ್ಚಳ ತೆಗೆದು ಅಲ್ಲಿಂದಲೇ ಮಾಡಬಹುದು. ಗಲ್ಲಾರ್ಡೊದಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ, ಈ ಖರ್ಚೇ ಬರುವುದಿಲ್ಲ ಎಂದು ನಿಮ್ಮ ಡೀಲರ್ ಹೇಳಿಯೇ ಇರುತ್ತಾರೆ. ಅದು ನಿಜ. ಆದರೆ ನೀವು ಆ ಖರ್ಚನ್ನು ಕಳೆದ ವರ್ಷವೇ ಮಾಡಿ ಮುಗಿಸಿದ್ದೀರಿ. ಅದರ ಫಲ ಉಣ್ಣುವ ಎರಡು ವರ್ಷಗಳನ್ನು ಡೀಲರ್‌ಗೆ ಬಿಟ್ಟುಕೊಟ್ಟು, ಅವರ ಕಾರಿನಲ್ಲಿ ಏನು ಬಾಕಿಯಿದೆಯೋ ಅದನ್ನು ನೀವು ಹೊತ್ತುಕೊಂಡು ಬರುತ್ತೀರಿ.

ಆ ಬಾಕಿಯ ದೊಡ್ಡ ಭಾಗ ಕ್ಲಚ್ ಆಗಿರಬಹುದು. ಇ-ಗೇರ್ ಎಂದರೆ ಈಗಿನ ಡ್ಯುಯಲ್ ಕ್ಲಚ್ ವ್ಯವಸ್ಥೆಯಲ್ಲ. ಅದು ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸ್‌ನ ಕ್ಲಚ್ ಅನ್ನು ಕಾಲಿನ ಬದಲು ಹೈಡ್ರಾಲಿಕ್ ಒತ್ತಡದಿಂದ ಅದುಮುವ ಏರ್ಪಾಡು. ವೇಗವಾಗಿ ಓಡಿಸುವಾಗ ಅದಕ್ಕೆ ತೊಂದರೆಯಿಲ್ಲ. ದಟ್ಟಣೆಯಲ್ಲಿ ತೆವಳುವಾಗ, ಇಳಿಜಾರಿನ ಕೆಳಗಿನಿಂದ ಮೇಲಕ್ಕೆ ಹಿಮ್ಮುಖವಾಗಿ ಹತ್ತಿಸುವಾಗ ಕ್ಲಚ್ ಉಜ್ಜಿಕೊಂಡು ಸವೆಯುತ್ತದೆ. ಹಿಂದಿನ ಮಾಲೀಕರ ಮನೆಯ ಮುಂದೆ ಏರು ಇತ್ತೇ ಎಂಬ ಸಣ್ಣ ಸಂಗತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರಿಗಾಗಿ ಇದೇ ಬಗೆಯ ಒಂದು ಗಲ್ಲಾರ್ಡೊ ನೋಡಲು ಹೋಗಿದ್ದೆ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಮಂಡಿಯೂರಿ ಟೈರುಗಳನ್ನು ನೋಡಿದಾಗ ಹಿಂದಿನವು ಹೊಸತು, ಮುಂದಿನವು ಬೇರೆ ಕಂಪನಿಯ ಹಳೆಯ, ಸವೆದ ಟೈರುಗಳು. ಸಾಮಾನ್ಯ ಕಾರಿನಲ್ಲಿ ಇದನ್ನು ಜಿಪುಣತನ ಎಂದು ಬಿಟ್ಟುಬಿಡಬಹುದು. ಗಲ್ಲಾರ್ಡೊದಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ವಿಸ್ಕಸ್ ಕಪ್ಲಿಂಗ್ ಮೂಲಕ, ಅಂದರೆ ದಪ್ಪ ದ್ರವ ತುಂಬಿದ ಜೋಡಣೆಯ ಮೂಲಕ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಯ ಅನುಪಾತ ತಪ್ಪಿದರೆ ಆ ಕಪ್ಲಿಂಗ್ ಓಡುವಷ್ಟು ಹೊತ್ತೂ ಜಾರುತ್ತ ಬಿಸಿಯಾಗುತ್ತಿರುತ್ತದೆ. ಆಮೇಲೆ ಕಂಪ್ಯೂಟರ್ ಜೋಡಿಸಿ ಕ್ಲಚ್ ಸವೆತದ ಅಂಕಿ ತೆಗೆಸಿದೆವು. ಅದು ಚೆನ್ನಾಗಿಯೇ ಇತ್ತು. ಆದರೆ ಕ್ಲಚ್ ಬದಲಾಯಿಸಿದ ದಾಖಲೆ ಕೇಳಿದರೆ ಕಾಗದವೇ ಇರಲಿಲ್ಲ. ಹೊಸ ಕ್ಲಚ್ ಹಾಕಿದ ದಿನ ಅದರ ಆರಂಭಿಕ ಸ್ಥಾನವನ್ನು ಸರಿಯಾಗಿ ದಾಖಲಿಸದಿದ್ದರೆ ಮುಂದಿನ ಅಂಕಿಗಳನ್ನೆಲ್ಲ ನಂಬುವಂತಿಲ್ಲ. ನನ್ನ ಸ್ನೇಹಿತರು ಆ ಕಾರನ್ನು ಬಿಟ್ಟರು. ನಿಮ್ಮ ಡೀಲರ್ ನಿಮಗೆ ಈ ಎರಡರ ಬಗ್ಗೆ, ಅಂದರೆ ಟೈರು ಮತ್ತು ಕ್ಲಚ್ ಬಗ್ಗೆ, ಏನು ತೋರಿಸಿದ್ದಾರೆ ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಇನ್ನು, ಮೇಲೆ ಹಣವಿಲ್ಲದೆ ಕೊಡಲು ಅವರೇಕೆ ಮುಂದಾಗಿದ್ದಾರೆ ಎಂದು ಯೋಚಿಸಿದ್ದೀರಾ? ಕಾರಣ ನಿಮ್ಮ ಗೇರ್ ಲಿವರ್‌ನ ಬುಡದಲ್ಲಿದೆ. ಹೊಳೆಯುವ ಲೋಹದ ಫಲಕದಲ್ಲಿ ಲಿವರ್ ಓಡಾಡಲು ಕೊರೆದ ಆ ಗೇಟ್ ಇರುವ ಫೆರಾರಿಗಳು ಇನ್ನು ತಯಾರಾಗುವುದಿಲ್ಲ. 360ರ ಕಾಲದಲ್ಲೇ ಕೊಳ್ಳುವವರ ಒಲವು ಪ್ಯಾಡಲ್ ಎಳೆದು ಗೇರ್ ಬದಲಾಯಿಸುವ ಎಫ್1 ಗೇರ್‌ಬಾಕ್ಸ್ ಕಡೆಗೆ ತಿರುಗಿತ್ತು. 2009ರಲ್ಲಿ ಬಂದ 458ಕ್ಕೆ ಕಂಪನಿ ಮ್ಯಾನುಯಲ್ ಆಯ್ಕೆಯನ್ನೇ ಕೊಡಲಿಲ್ಲ. ಅಂದು ಹಳೆಯ ಕಾಲದ್ದು ಎನ್ನಿಸಿಕೊಂಡ ಮ್ಯಾನುಯಲ್ ಕಾರನ್ನೇ ಇಂದು ಹುಡುಕಿಕೊಂಡು ಬರುತ್ತಿದ್ದಾರೆ. ಇದು ಡೀಲರ್‌ಗೆ ಚೆನ್ನಾಗಿ ಗೊತ್ತು. ಕಾರಿಗೆ ಕಾರು ಎಂಬ ಮಾತು ಕೇಳಲು ಸಮವಾಗಿ ತೋರುತ್ತದೆ, ಏಕೆಂದರೆ ಅದರಲ್ಲಿ ಎರಡು ಬೆಲೆಗಳೂ ಮರೆಯಾಗುತ್ತವೆ. ನಿಮ್ಮ ಕಾರನ್ನು ಇಂದೇ ಮಾರಿದರೆ ಎಷ್ಟು, ಆ ಗಲ್ಲಾರ್ಡೊವನ್ನು ಇಂದೇ ಹಣ ಕೊಟ್ಟು ಕೊಂಡರೆ ಎಷ್ಟು ಎಂದು ಬೇರೆ ಬೇರೆಯಾಗಿ, ಈ ವ್ಯವಹಾರಕ್ಕೆ ಸಂಬಂಧವಿಲ್ಲದವರಿಂದ ಕೇಳಿ ತಿಳಿಯಿರಿ. ಎರಡೂ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆಯಿರಿ. ಆಮೇಲೆ ಮಾತಾಡಿ.

ಹಣದ ಮಾತು ಅಷ್ಟು. ನನಗೆ ಹೆಚ್ಚು ಮುಖ್ಯವೆನಿಸುವುದು ನೀವು ದಿನವೂ ಏನನ್ನು ಕಳೆದುಕೊಳ್ಳುತ್ತೀರಿ ಎಂಬುದು. ಬೆಳಗಿನ ತಣ್ಣಗಿನ ಹೊತ್ತಿನಲ್ಲಿ 360 ಎರಡನೆಯ ಗೇರಿಗೆ ಬೀಳಲು ಹಟ ಮಾಡುತ್ತದೆ. ಗೇರ್‌ಬಾಕ್ಸ್ ಎಣ್ಣೆ ಬೆಚ್ಚಗಾಗುವವರೆಗೆ ಒಂದರಿಂದ ನೇರವಾಗಿ ಮೂರಕ್ಕೆ ಹೋಗಬೇಕು, ಬಲವಂತ ಮಾಡಬಾರದು. ಸ್ವಲ್ಪ ದೂರ ಹೋದ ಮೇಲೆ ಲಿವರ್ ಲೋಹಕ್ಕೆ ತಾಗಿ ಟಕ್ಕೆಂದು ಎರಡಕ್ಕೆ ಇಳಿದಾಗ ಕಾರು ಸಿದ್ಧವಾಯಿತೆಂದು ಅಂಗೈಗೆ ಗೊತ್ತಾಗುತ್ತದೆ. ಏಳು ವರ್ಷ ಹೀಗೆ ಓಡಿಸಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಕೈ ಕಲಿತಿರುವ ಈ ಕೆಲಸಕ್ಕೆ ಇ-ಗೇರ್‌ನಲ್ಲಿ ಜಾಗವಿಲ್ಲ, ಒಂದು ಪ್ಯಾಡಲ್ ಎಳೆದರೆ ಮುಗಿಯಿತು.

ಆ ಇಪ್ಪತ್ತು ನಿಮಿಷ ನಿಮ್ಮನ್ನು ಏಕೆ ಹಿಡಿದುಕೊಂಡಿತು ಎಂಬುದಕ್ಕೂ ವಿವರಣೆಯಿದೆ. ನಿಮ್ಮ 3.6 ಲೀಟರ್ ವಿ8 ತನ್ನ 400 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 8,500 ಸುತ್ತುಗಳಲ್ಲಿ. ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 373 ನ್ಯೂಟನ್ ಮೀಟರ್ ಮಾತ್ರ. ಗಲ್ಲಾರ್ಡೊದ 5 ಲೀಟರ್ ವಿ10 ಕೊಡುವುದು 510 ನ್ಯೂಟನ್ ಮೀಟರ್, ಅದೂ 4,250 ಸುತ್ತುಗಳಲ್ಲೇ. ಕಾಲು ಸ್ವಲ್ಪ ಒತ್ತಿದರೂ ಬೆನ್ನು ಸೀಟಿಗೆ ಅಂಟುತ್ತದೆ, ಪರಿಚಯವೇ ಬೇಕಾಗಿಲ್ಲ. 360 ಹಾಗಲ್ಲ, ಅದು ದುಡಿಸಿಕೊಂಡ ಮೇಲೆಯೇ ಕೊಡುವ ಕಾರು. ಮೊದಲ ಭೇಟಿಯಲ್ಲಿ ಗಲ್ಲಾರ್ಡೊ ಗೆಲ್ಲುವುದು ಸಹಜ. ಮಳೆಯಲ್ಲಿ ನಾಲ್ಕು ಚಕ್ರಗಳ ಹಿಡಿತ ಕೊಡುವ ಧೈರ್ಯವೂ ನಿಜವಾದ ಲಾಭವೇ. ನೀವು ಮಳೆಗಾಲದಲ್ಲೂ ಕಾರು ತೆಗೆಯುವವರಾದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಆದರೆ ಆ ಕಾರನ್ನು ಒಂದು ಇಡೀ ದಿನಕ್ಕೆ ಕೇಳಿ ಪಡೆಯಿರಿ. ಸಂಜೆಯ ದಟ್ಟಣೆಯಲ್ಲಿ ಓಡಿಸಿ, ಹಿಮ್ಮುಖವಾಗಿ ನಿಮ್ಮ ಗ್ಯಾರೇಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಶುರು ಮಾಡಿ. ಡೀಲರ್ ಇದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಇಷ್ಟಾದ ಮೇಲೂ ಗಲ್ಲಾರ್ಡೊ ಬೇಕೇಬೇಕು ಎನಿಸಿದರೆ ಮ್ಯಾನುಯಲ್ ಗಲ್ಲಾರ್ಡೊ ಹುಡುಕಿ, ಸಿಗುತ್ತದೆ, ತಡವಾದರೂ ಕಾಯಿರಿ. 2008ರಲ್ಲಿ ಬಂದ ಎಲ್‌ಪಿ560-4 ಕೂಡ ಒಳ್ಳೆಯ ಆಯ್ಕೆ. ಅದರ 5.2 ಲೀಟರ್ ಎಂಜಿನ್ 560 ಅಶ್ವಶಕ್ತಿಯದು. ಆದರೆ ಹಳೆಯ 5 ಲೀಟರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುತ್ತವೆ, ಹೊಸದರಲ್ಲಿ ಇಲ್ಲ, ಹಾಗಾಗಿ ಎರಡರ ದನಿ ಒಂದೇ ಅಲ್ಲ. ನೀವು ಮಾರುಹೋದದ್ದು ಆ ದನಿಗೇ ಆಗಿದ್ದರೆ ಹೊಸದನ್ನು ಕೇಳದೆ ನಿರ್ಧರಿಸಬೇಡಿ. ಅಲ್ಲಿಯವರೆಗೆ ನಿಮ್ಮ 360ರ ಸಣ್ಣಪುಟ್ಟ ಕೊರತೆಗಳನ್ನು ಸರಿಪಡಿಸಿಕೊಳ್ಳಿ. ಸಸ್ಪೆನ್ಶನ್‌ನ ಬಾಲ್ ಜಾಯಿಂಟ್‌ಗಳು ಸಡಿಲವಾಗಿದ್ದರೆ ಇಡೀ ಕಾರು ಮುದಿಯಾದಂತೆ ಭಾಸವಾಗುತ್ತದೆ. ಒಳಗಿನ ಗುಂಡಿಗಳ ಮೇಲಿನ ಮೆತ್ತನೆಯ ಲೇಪ ಕರಗಿ ಬೆರಳಿಗೆ ಅಂಟುತ್ತಿದ್ದರೆ ಪ್ರತಿ ಸಲ ಕೂತಾಗಲೂ ಬೇಸರವಾಗುತ್ತದೆ. ಎಷ್ಟೋ ಸಲ ಕಾರು ಬದಲಾಯಿಸಬೇಕೆಂಬ ಆಸೆ ಹುಟ್ಟುವುದು ಇಂಥ ಮುಂದೂಡಿದ ರಿಪೇರಿಗಳಿಂದ.

ಪ್ರಶ್ನೆ: 2012ರ ಫೆರಾರಿ 458 ಇಟಾಲಿಯಾ ಇಟ್ಟುಕೊಂಡಿದ್ದೇನೆ. 2017ರ 488 ಜಿಟಿಬಿಗೆ ಹೋಗಬೇಕೆಂದಿದೆ; ಮೇಲೆ ಕೊಡಬೇಕಾದ ಹಣ ನನಗೆ ಹೊರೆಯಲ್ಲ. ಟರ್ಬೊ ಇಲ್ಲದ ಕೊನೆಯ ಕಾರನ್ನು ಯಾರಾದರೂ ಕೊಡುತ್ತಾರೆಯೇ ಎಂದು ಗೆಳೆಯರು ಬೈಯುತ್ತಿದ್ದಾರೆ. ನಾನು ಬೆಟ್ಟದ ದಾರಿಗಳಲ್ಲಿ ನಿಧಾನವಾಗಿ, ಹೆಂಡತಿಯೊಂದಿಗೆ ದೂರ ಪ್ರಯಾಣ ಹೋಗುವವನು. 6,000 ಸುತ್ತು ದಾಟಿಸುವುದೇ ಅಪರೂಪ.

ಉತ್ತರ: ನೀವು ಬದಲಾಯಿಸಿಕೊಳ್ಳಿ.

ಗೆಳೆಯರು ಹೇಳುವುದು ಸುಳ್ಳಲ್ಲ. ನಡುವೆ ವಿ8 ಎಂಜಿನ್ ಇರುವ ಫೆರಾರಿಗಳ ಸಾಲಿನಲ್ಲಿ ಟರ್ಬೊ ಇಲ್ಲದ ಕೊನೆಯದು 458, ಅದರ 4.5 ಲೀಟರ್ ಎಂಜಿನ್ 9,000 ಸುತ್ತುಗಳಲ್ಲಿ 570 ಅಶ್ವಶಕ್ತಿ ಕೊಡುತ್ತದೆ, ಆ ಕೊನೆಯ ಎರಡು ಮೂರು ಸಾವಿರ ಸುತ್ತುಗಳಲ್ಲಿ ಬರುವ ಕೂಗಿಗೆ ಸಾಟಿಯಿಲ್ಲ. ಆದರೆ ನೀವೇ ಹೇಳುತ್ತೀರಿ, ಅಲ್ಲಿಗೆ ಹೋಗುವುದೇ ಅಪರೂಪ ಎಂದು. 458ರ 540 ನ್ಯೂಟನ್ ಮೀಟರ್ ಟಾರ್ಕ್ ಪೂರ್ಣವಾಗಿ ಸಿಗುವುದು 6,000 ಸುತ್ತುಗಳಲ್ಲಿ. ನೀವು ಹಿಂದಿರುಗುವ ಜಾಗದಲ್ಲಿ ಆ ಎಂಜಿನ್ ಆರಂಭವಾಗುತ್ತದೆ. 2015ರಲ್ಲಿ ಬಂದ 488ರ 3.9 ಲೀಟರ್ ಎಂಜಿನ್ 3,000 ಸುತ್ತುಗಳಲ್ಲೇ 760 ನ್ಯೂಟನ್ ಮೀಟರ್‌ಗೆ ಏರುತ್ತದೆ. ಕೆಳಗಿನ ಗೇರುಗಳಲ್ಲಿ ಅಷ್ಟನ್ನೂ ಒಮ್ಮೆಲೇ ಬಿಡದೆ, ಏಳನೆಯ ಗೇರಿನಲ್ಲಿ ಮಾತ್ರ ಪೂರ್ತಿ ಸಿಗುವಂತೆ ಕಂಪನಿ ಅದನ್ನು ಹದಗೊಳಿಸಿದೆ. ತಿರುವಿನಿಂದ ಹೊರಬರುವಾಗ ಗೇರ್ ಇಳಿಸದೆ ಸರಾಗವಾಗಿ ಏರಿ ಹೋಗುವ ನಿಮ್ಮಂಥ ಚಾಲಕರಿಗೆ ಇದು ಹೇಳಿಮಾಡಿಸಿದ್ದು. ಬೇರೆಯವರು ಯಾವ ಕಾರನ್ನು ಪೂಜಿಸುತ್ತಾರೆ ಎಂಬುದಕ್ಕಾಗಿ ನೀವು ಬಳಸದ ಗುಣವೊಂದನ್ನು ಗ್ಯಾರೇಜಿನಲ್ಲಿ ಕಾಯುತ್ತ ಕೂರಬೇಕಾಗಿಲ್ಲ.

ನಿಮ್ಮ ಹೆಂಡತಿಯವರನ್ನೂ 488ರಲ್ಲಿ ಕೂರಿಸಿಕೊಂಡು ಹೋಗಿ ಬನ್ನಿ. ದೂರ ಪ್ರಯಾಣದಲ್ಲಿ ಪಕ್ಕದ ಸೀಟಿನವರ ಅಭಿಪ್ರಾಯಕ್ಕೆ ನಿಮ್ಮದರಷ್ಟೇ ತೂಕವಿದೆ.

ಒಂದು ಎಚ್ಚರ. 458 ಕೊಡುವಾಗ ಒಳ್ಳೆಯ ಬೆಲೆ ಬರಬೇಕಾದರೆ ಗೇರ್‌ಬಾಕ್ಸ್ ಬಗ್ಗೆ ಸ್ಪಷ್ಟತೆ ಬೇಕು. ಈ ಡ್ಯುಯಲ್ ಕ್ಲಚ್ ಪೆಟ್ಟಿಗೆಯೊಳಗಿನ ಸೆನ್ಸರ್ ಕೆಡುವುದು ತಿಳಿದಿರುವ ಸಮಸ್ಯೆ. ಒಂದು ಕಾಲದಲ್ಲಿ ಅಷ್ಟಕ್ಕೇ ಇಡೀ ಪೆಟ್ಟಿಗೆಯನ್ನು ಬದಲಾಯಿಸುತ್ತಿದ್ದರು. ಈಗ ಬಿಚ್ಚಿ ರಿಪೇರಿ ಮಾಡುವವರಿದ್ದಾರೆ. ನಿಮ್ಮದರಲ್ಲಿ ಏನಾದರೂ ಕೆಲಸ ಆಗಿದ್ದರೆ ಅದರ ದಾಖಲೆಯನ್ನು ಮುಚ್ಚಿಡದೆ ಮೊದಲೇ ಮುಂದಿಡಿ, ಕೊಳ್ಳುವವರ ನಂಬಿಕೆ ಹೆಚ್ಚುತ್ತದೆ.

ಪ್ರಶ್ನೆ: 1991ರ ಹೋಂಡಾ ಎನ್‌ಎಸ್‌ಎಕ್ಸ್, ಐದು ಗೇರ್ ಮ್ಯಾನುಯಲ್, ಹದಿನಾಲ್ಕು ವರ್ಷಗಳಿಂದ ನನ್ನದು. ಕೆಲಸಗಳನ್ನು ಬಹುಪಾಲು ನಾನೇ ಮಾಡಿಕೊಳ್ಳುತ್ತೇನೆ. ಇತ್ತೀಚೆಗೆ ಗೇರ್‌ಬಾಕ್ಸ್‌ನಿಂದ ಸಣ್ಣ ಸದ್ದು ಬರುತ್ತಿದೆ, ಏಸಿಯೂ ತನ್ನಿಷ್ಟದಂತೆ ನಡೆಯುತ್ತಿದೆ. ಇದನ್ನು ಕೊಟ್ಟು 2012ರ ಮೆಕ್‌ಲಾರೆನ್ 12ಸಿ ತಂದರೆ ಹೇಗೆ? ಇಳಿದಿರುವ ಬೆಲೆ ನೋಡಿದರೆ ಕೈಗೆಟುಕುವಂತಿದೆ.

ಉತ್ತರ: ದೂರದ ಬೆಟ್ಟ ನುಣ್ಣಗೆ ಕಾಣುವುದು ಇಂಥ ಹೊತ್ತಿನಲ್ಲೇ. ನಿಮ್ಮ ಕಾರಿಗೆ ಸಣ್ಣ ಕಾಯಿಲೆ ಬಂದಿದೆ, ಅಷ್ಟರಲ್ಲಿ ಆರೋಗ್ಯವಾಗಿ ಕಾಣುವ ಇನ್ನೊಂದು ಕಣ್ಣಿಗೆ ಬಿದ್ದಿದೆ. ಮೊದಲು ಕಾಯಿಲೆಯನ್ನು ವಾಸಿಮಾಡಿ, ಆಮೇಲೆ ಬದಲಾಯಿಸುವ ಮಾತು.

12ಸಿ ಅದ್ಭುತವಾದ ಕಾರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಮೈಕಟ್ಟಿನ ನಡುಭಾಗವಾದ ಕಾರ್ಬನ್ ಫೈಬರ್ ತೊಟ್ಟಿಯ ತೂಕ ಬರೀ 75 ಕಿಲೋ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ-ರೋಲ್ ಬಾರ್‌ಗಳನ್ನೇ ಕೈಬಿಟ್ಟು, ಕುಲುಕು ತಗ್ಗಿಸುವ ನಾಲ್ಕು ಡ್ಯಾಂಪರ್‌ಗಳನ್ನು ಹೈಡ್ರಾಲಿಕ್ ಆಗಿ ಒಂದಕ್ಕೊಂದು ಜೋಡಿಸಿ, ಹದವಾದ ಸವಾರಿಯನ್ನೂ ತಿರುವಿನಲ್ಲಿ ಬಿಗಿತವನ್ನೂ ಒಟ್ಟಿಗೆ ಸಾಧಿಸಿದ್ದಾರೆ. ಆದರೆ ಆ ವ್ಯವಸ್ಥೆಯ ಅನಿಲ ತುಂಬಿದ ಅಕ್ಯುಮುಲೇಟರ್‌ಗಳು ವರ್ಷಗಳು ಕಳೆದಂತೆ ಒತ್ತಡ ಕಳೆದುಕೊಳ್ಳುತ್ತವೆ, ಬದಲಾಯಿಸಲೇಬೇಕಾಗುತ್ತದೆ. ಏಳು ಗೇರುಗಳ ಡ್ಯುಯಲ್ ಕ್ಲಚ್ ಪೆಟ್ಟಿಗೆಯಿಂದ ಎಣ್ಣೆ ಸೋರಿದರೆ ನಿಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಮಾಡುವಂಥ ಕೆಲಸವಲ್ಲ. ಕೊಳ್ಳುವ ಬೆಲೆ ಇಳಿದಿದೆ. ನೋಡಿಕೊಳ್ಳುವ ಖರ್ಚು ಹೊಸದಾಗಿದ್ದಾಗ ಎಷ್ಟಿತ್ತೋ ಅಷ್ಟೇ ಇದೆ. ಸ್ಪ್ಯಾನರ್ ಹಿಡಿದು ಕಾರಿನ ಅಡಿಯಲ್ಲಿ ಮಲಗುವುದೇ ನಿಮ್ಮ ಸುಖದ ಅರ್ಧ ಭಾಗ ಎಂದು ನಿಮ್ಮ ಪತ್ರದ ಸಾಲುಗಳು ಹೇಳುತ್ತಿವೆ. 12ಸಿ ಬಂದರೆ ಆ ಅರ್ಧ ಹೋಗುತ್ತದೆ.

ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರಿ ತಮ್ಮ ಕಾರಿನ ಸವಾರಿ ಮತ್ತು ಹಿಡಿತಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ನಿಮ್ಮ ಎನ್‌ಎಸ್‌ಎಕ್ಸ್ ಅನ್ನೇ, ಸ್ವತಃ ಅದನ್ನು ವರ್ಷಗಟ್ಟಲೆ ಓಡಿಸಿದ್ದರು ಕೂಡ. ಮೆಕ್‌ಲಾರೆನ್‌ಗಾಗಿ ಎನ್‌ಎಸ್‌ಎಕ್ಸ್ ಕೊಡಲು ಹೊರಟವರು ಇದನ್ನೊಮ್ಮೆ ನೆನೆಯಬೇಕು.

ಏಸಿಯ ತೊಂದರೆಗೆ ಬಹುಮಟ್ಟಿಗೆ ಅದರ ನಿಯಂತ್ರಣ ಫಲಕದಲ್ಲಿ ಸೋರಿದ ಕೆಪಾಸಿಟರ್‌ಗಳೇ ಕಾರಣ. ಈ ವಯಸ್ಸಿನ ಎನ್‌ಎಸ್‌ಎಕ್ಸ್‌ಗಳಲ್ಲಿ ಅದು ಸಾಮಾನ್ಯ, ಬೆಸುಗೆ ಹಾಕಲು ಬಲ್ಲವರು ಸರಿಮಾಡಬಹುದು. ಗೇರ್‌ಬಾಕ್ಸ್ ಸದ್ದನ್ನು ಮಾತ್ರ ಮುಂದೂಡಬೇಡಿ. ಮೊದಲ ವರ್ಷಗಳ ಕೆಲವು ಮ್ಯಾನುಯಲ್ ಪೆಟ್ಟಿಗೆಗಳ ಕವಚದಲ್ಲಿ ಬೇರಿಂಗನ್ನು ಜಾಗದಲ್ಲಿ ಹಿಡಿದಿಡುವ ಸ್ನ್ಯಾಪ್ ರಿಂಗ್ ಕೂರುವ ತೋಡನ್ನು ಬೇಕಾದುದಕ್ಕಿಂತ ಅಗಲವಾಗಿ ಕೊರೆಯಲಾಗಿತ್ತು. ಆ ರಿಂಗ್ ಮುರಿದರೆ ಚೂರುಗಳು ಗೇರುಗಳ ನಡುವೆ ಸೇರುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಆ ತೊಂದರೆಯ ಸಾಲಿಗೆ ಸೇರಿದೆಯೇ ಎಂದು ಈ ವಾರವೇ ಪರಿಶೀಲಿಸಿ, ಎಣ್ಣೆ ಇಳಿಸಿ ಅದರಲ್ಲಿ ಲೋಹದ ಚೂರುಗಳಿವೆಯೇ ನೋಡಿ. ಅನುಮಾನ ಬಂದರೆ ಕಾರನ್ನು ಓಡಿಸದೆ ನಿಲ್ಲಿಸಿ. ಪೆಟ್ಟಿಗೆ ಹೇಗೂ ಕೆಳಗಿಳಿಯುವುದರಿಂದ ಕ್ಲಚ್ ಅನ್ನೂ ಅದೇ ಸಮಯದಲ್ಲಿ ಬದಲಾಯಿಸಿಬಿಡಿ.